ಫೋನಿನಲ್ಲಿ ಸಾವು ಹೇಳದ ಜನ

ವಿಮಾನ ನಿಲ್ದಾಣದ ಟವರಿನಲ್ಲಿ ಕೂತು ಪೈಲಟ್‌ಗಳ ಜೊತೆ ಮಾತಾಡುವುದೇ ನನ್ನ ಕಸುಬಾಗಿತ್ತು. ಇಷ್ಟು ಎತ್ತರಕ್ಕೆ ಇಳಿ ಅಂತ ನಾನು ಅಂದರೆ ಪೈಲಟ್ ಬರೀ ‘ಆಯ್ತು’ ಅನ್ನುವ ಹಾಗಿಲ್ಲ. ನಾನು ಹೇಳಿದ್ದನ್ನೇ ತಿರುಗಿ ಒಪ್ಪಿಸಬೇಕು, ತಪ್ಪಿದ್ದರೆ ನಾನು ತಿದ್ದಬೇಕು. ಇಂಧನ ಕಮ್ಮಿಯಿದ್ದರೆ ಅವನು ಕಮ್ಮಿ ಅಂತಲೇ ಹೇಳುತ್ತಾನೆ. ರನ್‌ವೇ ಮೇಲೆ ನಾಯಿ ಇದ್ದರೆ ನಾನು ನಾಯಿ ಇದೆ ಅಂತಲೇ ಹೇಳುತ್ತೇನೆ. ಮನಸ್ಸಿಗೆ ನೋವಾದೀತೆಂದು ಯಾರೂ ನಾಯಿಯನ್ನು ಬಚ್ಚಿಡುವುದಿಲ್ಲ. ಮುಖವನ್ನೇ ನೋಡದ ಆ ಜನರನ್ನು ನಂಬಿದಷ್ಟು ನಾನು ನನ್ನ ನೆಂಟರನ್ನು ನಂಬಿಲ್ಲ.

ತೊಂಬತ್ತರ ದಶಕದ ಕೊನೆಯಲ್ಲಿ ಅಕ್ಕನನ್ನು ಹಾಸನದ ಆಸ್ಪತ್ರೆಗೆ ಸೇರಿಸಿದಾಗ ರಜೆ ಹಾಕಿ ಬಂದಿದ್ದೆ. ಅರಕಲಗೂಡಿನಲ್ಲಿದ್ದ ನಮ್ಮ ತಮ್ಮ, ಅವಳ ಮಗಳ ಮದುವೆಯಲ್ಲಿ ಯಾವುದೋ ಮಾತಿಗೆ ಮುನಿಸಿಕೊಂಡು ಎದ್ದು ಹೋದವನು, ಆಮೇಲೆ ಅವಳ ಹೊಸಿಲು ತುಳಿದಿರಲಿಲ್ಲ. “ಅವನ್ನ ಕರ್ಸ್ಲಾ, ಒಂದ್ ಮಾತಾಡ್ಬೇಕು” ಅಂತ ಅಕ್ಕ ಬೆಳಿಗ್ಗೆಯಿಂದ ನನ್ನ ಜೀವ ತಿಂದಳು. ಬೂತಿಗೆ ಹೋಗಿ ಫೋನ್ ಮಾಡಿದೆ.

“ಅಕ್ಕಂಗೆ ಕಾಯ್ಲೆ ಜೋರಾಗೈತೆ. ಮಾತಾಡ್ತಾವ್ಳೆ, ನಿನ್ನೇ ಕೇಳ್ತಾವ್ಳೆ. ಈಗ್ಲೇ ಬಾ ಕಣ್ಲಾ.”

“ಆಯ್ತು ಬುಡಣ್ಣ, ಬತ್ತೀನಿ” ಅಂದ.

ನಮ್ಮ ಕಡೆ ಸಾವಿನ ಸುದ್ದಿಯನ್ನು ಫೋನಿನಲ್ಲಿ ಹೇಳುವುದಿಲ್ಲ. ಹೆಣದ ಪಕ್ಕದಲ್ಲೇ ನಿಂತು ‘ಸ್ವಲ್ಪ ಸೀರಿಯಸ್ಸು, ಬಂದು ಹೋಗಿ’ ಅನ್ನುತ್ತಾರೆ. ಕೇಳಿದವರು ದಾರಿಯಲ್ಲಿ ಎದೆ ಒಡೆದುಕೊಳ್ಳದಿರಲಿ ಅನ್ನುವ ದೊಡ್ಡ ಕಾಳಜಿ! ಮಾತಾಡ್ತಾವ್ಳೆ ಅಂತ ನಾನು ಹೇಳಿದ್ದನ್ನೂ ತಮ್ಮ ಬರೀ ಸಮಾಧಾನ ಅಂದುಕೊಂಡ. ಅಕ್ಕ ಹೋದಳು, ಇನ್ನೇನು ಅವಸರ ಅಂತ ಅವನ ಲೆಕ್ಕ. ಜೀಪು ಮಾಡಿಕೊಂಡು ಹೊಳೆನರಸೀಪುರಕ್ಕೆ ಸುತ್ತಿ ಸೋದರತ್ತೆಯನ್ನು ಹತ್ತಿಸಿಕೊಂಡ, ಪೇಟೆಯಲ್ಲಿ ಹಾರ ಕಟ್ಟಿಸಿದ. ಅವನ ಬಾಯಿಂದ ತಿರುಗಿ ಹೇಳಿಸಬೇಕಿತ್ತು ಅಂತ ಟವರಿನ ಗೆಳೆಯನೊಬ್ಬ ಆಮೇಲೆ ನನಗೆ ಬುದ್ಧಿ ಹೇಳಿದ. ಒಡಹುಟ್ಟಿದವನಿಂದಲೂ ಪಾಠ ಒಪ್ಪಿಸಿಕೊಳ್ಳಬೇಕೇ? ಇವತ್ತಿಗೂ ಮೈ ಉರಿಯುತ್ತದೆ.

ಮಧ್ಯಾಹ್ನ ದಾಟಿದ ಮೇಲೆ ವಾರ್ಡಿಗೆ ಮೊದಲು ಅತ್ತೆಯ ಗೋಳು ಬಂತು, ಹಿಂದೆ ತಮ್ಮ, ಕೈಯಲ್ಲಿ ಸೇವಂತಿಗೆ ಹಾರ. ಅಕ್ಕ ದಿಂಬಿಗೆ ಒರಗಿ ಗಂಜಿ ಕುಡಿಯುತ್ತಿದ್ದಳು. ಅತ್ತೆಯ ಅಳು ಅರ್ಧಕ್ಕೇ ನಿಂತಿತು. ತಮ್ಮ ಹಾರವನ್ನು ಬೆನ್ನ ಹಿಂದೆ ಸರಿಸಿದ. ಅಷ್ಟರಲ್ಲಿ ಅಕ್ಕ ನೋಡಿಯಾಗಿತ್ತು.

“ನಾನ್ ಓಗೋ ಗಂಟ ತಡ್ಯಕಾಗ್ನಿಲ್ವೇನ್ಲಾ?” ಅಂದಳು.

ಗೋಡೆ ಕಡೆ ತಿರುಗಿ ಮಲಗಿದಳು. ಆಡಬೇಕೆಂದಿದ್ದ ಮಾತನ್ನು ಅವನಿಗೂ ಹೇಳಲಿಲ್ಲ, ನನಗೂ ಹೇಳಲಿಲ್ಲ. ಸಂಜೆ ತೀರಿಕೊಂಡಳು. ಹಾರ ತರಲು ಯಾರೂ ಪೇಟೆಗೆ ಹೋಗಬೇಕಾಗಲಿಲ್ಲ.