ಚಾಚಾ ದನಿಗೆ ಇಳಿದ ಇಂಜಿನ್ನು

ನಮ್ಮ ಮಾವನ ಕಾರಿಗೆ ಇಂಜಿನ್ನು ಮುಂದೆ ಇಲ್ಲ. ಸೀಟಿನ ಬೆನ್ನಿಗೆ ಅಂಟಿಕೊಂಡು, ಹಿಂದಿನ ಚಕ್ರಗಳಿಗಿಂತ ಈಚೆಗೆ, ನಟ್ಟನಡುವೆ ಕೂತಿದೆ. ಇಬ್ಬರಷ್ಟೇ ಕೂರುವ, ನೆಲಕ್ಕೆ ಹೊಟ್ಟೆ ಉಜ್ಜುವಷ್ಟು ತಗ್ಗಿನ, ಒಂದು ಕಾಲಕ್ಕೆ ಕೆಂಪಗಿದ್ದ ಸ್ಪೋರ್ಟ್ಸ್ ಕಾರು ಅದು. ಮೈಸೂರಿನ ಯಾವುದೋ ಬಂಗಲೆಯ ಶೆಡ್ಡಿನಲ್ಲಿ ಕೋಳಿಗಳು ಕಾವಿಗೆ ಕೂತಿದ್ದ ಅದನ್ನು ಮಾವ ಟ್ರಾಕ್ಟರಿಗೆ ಕಟ್ಟಿದ ಟ್ರೈಲರಿನಲ್ಲಿ ಪಾಂಡವಪುರದ ಮನೆಗೆ ತಂದರು. ಅತ್ತೆ ಬಂದು ಬಾನೆಟ್ಟು ಎತ್ತಿಸಿ ನೋಡಿ, "ಅಯ್ಯೋ, ಒಳ್ಗೆ ಇಂಜಿನ್ನೇ ಇಲ್ವಲ್ರೀ! ಚೆನ್ನಾಗಿ ಟೋಪಿ ಆಕವ್ರೆ ನಿಮ್ಗೆ" ಎಂದರು. ಆ ಮಾತನ್ನು ನಾನು ಅತ್ತೆಯ ದನಿಯಲ್ಲೇ ಊರಿಗೆಲ್ಲ ಹಂಚಿದೆ.

ನನಗೆ ಆ ಚಾಳಿ. ಕೆ.ಆರ್. ಪೇಟೆ ಬಸ್ಸಿನ ಕಂಡಕ್ಟರು ಚಿಲ್ಲರೆ ಕೇಳುವುದು, ನಾಗಮಂಗಲದ ದೊಡ್ಡಪ್ಪ ಸೀನುವುದು, ಎಲ್ಲ ನನ್ನ ಗಂಟಲಲ್ಲಿದೆ. ನನ್ನ ಸ್ವಂತ ದನಿಯೊಂದೇ ಸುಮಾರು. ಮೀಸೆ ಬಂದಮೇಲೂ ಫೋನಿನಲ್ಲಿ ಮಾತಾಡಿದರೆ ಆ ಕಡೆಯವರು "ಹೇಳಿ ಮೇಡಂ" ಅನ್ನುತ್ತಾರೆ.

ಆದರೆ ನಾನು ಎಲ್ಲರಿಗಿಂತ ಚೆನ್ನಾಗಿ ಅಣಕಿಸುತ್ತಿದ್ದದ್ದು ಚಾಚಾನನ್ನು. ಶ್ರೀರಂಗಪಟ್ಟಣದಲ್ಲಿ ಲಾರಿ ರಿಪೇರಿ ಮಾಡಿಕೊಂಡಿದ್ದ ಮುದುಕ. ಗ್ಯಾರೇಜಿನೊಳಗಿಂದ ಕೂಗಿದರೆ ರಸ್ತೆಯಾಚೆಯ ಹೋಟೆಲಿನವನು ಟೀ ಸೋಸಲು ಶುರುಮಾಡುತ್ತಿದ್ದ. ಅಂಥ ದನಿ ಗಂಟಲಿನ ಆಪರೇಷನ್ ಆದಮೇಲೆ ಸೈಕಲ್ ಟ್ಯೂಬಿನ ಗಾಳಿಯಂತಾಯಿತು. ಗಿರಾಕಿಗಳು ಎರಡು ಸಲ "ಏನಂದ್ರಿ?" ಎಂದು ಕೇಳಿ, ಮೂರನೇ ಸಲ ಬೇರೆ ಗ್ಯಾರೇಜು ಹುಡುಕಿಕೊಂಡರು. ಮನೆಯಲ್ಲಿ ಕೂರು ಅಂತ ಮಗ ಹೇಳಿದ್ದ. ಮಾವ ಈ ಕಾರಿನ ಕೆಟ್ಟ ಇಂಜಿನ್ನನ್ನು ರಿಪೇರಿ ಮಾಡಿಸುವ ವಿಷಯ ಎತ್ತಿದಾಗ ಚಾಚಾ ಬಂದು ಕಾರಿನ ಕೆಳಗೆ ಇಣುಕಿ, ಪಿಸುಗುಟ್ಟಿದ: "ಇದೊಂದು ಇಳಿಸ್ತೀನಿ. ಆಗ್ಲಿಲ್ಲ ಅಂದ್ರೆ ಪಾನಾ ಸುತ್ತಿಗೆ ಇರೋ ಪೆಟ್ಟಿಗೆ ಮಗನಿಗೆ ಕೊಟ್ಬುಟ್ಟು ಮನೇಲಿ ಕೂತ್ಕೋತೀನಿ."

ಇಳಿಸುವುದು ಎಂದದ್ದು ಸರಿಯಾಗಿಯೇ ಇತ್ತು. ಈ ಕಾರಿನ ಇಂಜಿನ್ನು ಲಾರಿಯದರಂತೆ ಮೇಲಕ್ಕೆ ಬರುವುದಿಲ್ಲ. ಅದನ್ನು ಕೆಳಗೆ ಒಂದು ಗಾಲಿ ಹಲಗೆಯ ಮೇಲೆ ಕೂರಿಸಿ, ಕಾರಿನ ಮೈಯನ್ನೇ ಮೇಲೆತ್ತಿ, ಹಿಂದಿನಿಂದ ಎಳೆದುಕೊಳ್ಳಬೇಕು. ಮಾವನ ಮನೆಯ ಶೀಟಿನ ಶೆಡ್ಡಿನಲ್ಲಿ ಚೈನ್ ಪುಲ್ಲಿ ನೇತುಹಾಕಲು ಗಟ್ಟಿ ತೊಲೆ ಇರಲಿಲ್ಲ. ಹಾಗಾಗಿ ಚಾಚಾ ಚಿನಕುರಳಿಯಿಂದ ನಾಲ್ಕು ಜನ ಬಂಡೆ ಕೆಲಸದವರನ್ನು ಕರೆಸಿದ. ಚಪ್ಪಡಿ ಹೊರುವ ಹಾಗೆ ಕಾರಿನ ಹಿಂಭಾಗಕ್ಕೆ ಹಗ್ಗ ಬಿಗಿದು, ಬಿದಿರಿನ ಅಡ್ಡೆ ತೂರಿಸಿ, ನಾಲ್ವರೂ ಹೆಗಲು ಕೊಡುವುದು ಎಂದಾಯಿತು.

ಅವರಲ್ಲೊಂದು ಕಟ್ಟಳೆ. ಹೊರೆ ಹೆಗಲಿಗೆ ಬಂದಮೇಲೆ ಕೂಗುವವನು ಒಬ್ಬನೇ. ಎತ್ತುವುದು, ನಿಲ್ಲುವುದು, ಇಳಿಸುವುದು ಎಲ್ಲ ಆ ಒಂದು ದನಿಗೆ. ಯಾಕೆ ಏನು ಎಂದು ಯಾರೂ ಕೇಳುವುದಿಲ್ಲ. ಎಷ್ಟೋ ಲಾರಿ ಇಂಜಿನ್ನುಗಳನ್ನು ಅವರು ಚಾಚಾನ ಕೂಗಿಗೇ ಎತ್ತಿದ್ದರು.

ಆವತ್ತು ಬೆಳಗ್ಗೆ ಆಯಿಲು ಬಸಿದು, ವೈರು, ಪೈಪು, ಕ್ಲಚ್ ಕೇಬಲ್ಲು ಎಲ್ಲ ಬಿಡಿಸಿ, ಇಂಜಿನ್ನನ್ನು ಗಾಲಿ ಹಲಗೆಯ ಮೇಲೆ ಕೂರಿಸಿದ್ದಾಯಿತು. ಮೊದಲ ಸಲ ಎತ್ತಲು ಚಾಚಾ ಚಪ್ಪಾಳೆ ತಟ್ಟಿ ಸನ್ನೆ ಮಾಡಿದ. ಮೈ ಒಂದು ಗೇಣು ಮೇಲೆದ್ದಿತು. ಆಗ ಏನೋ ಸಿಕ್ಕಿಕೊಂಡಂತಾಗಿ, ಕಾಯಿರಿ ಎಂದು ಕೈ ತೋರಿಸಿ, ಬಗ್ಗಿ ಕೈ ಒಳಗೆ ಹಾಕಿದ. ನಾನು ಬಾಗಿಲ ಬಳಿ ಅತ್ತೆಗೆ ಮಜಾ ತೋರಿಸುತ್ತಿದ್ದೆ. ಚಾಚಾನ ಹಳೇ ದನಿಯಲ್ಲಿ, ಎದೆ ತುಂಬ ಗಾಳಿ ಎಳೆದುಕೊಂಡು ಕೂಗಿದೆ: "ಹಾಂ ಭಾಯ್... ಇಳ್ಸೀ!"

ನಾಲ್ವರೂ ಇಳಿಸಿಬಿಟ್ಟರು.

ಚಾಚಾ ಕೈ ಎಳೆದುಕೊಂಡ, ಆದರೆ ಪೂರ್ತಿ ಅಲ್ಲ. ಎರಡು ಬೆರಳಿನ ಗೆಣ್ಣಿನ ಚರ್ಮ ಕಾರಿನಲ್ಲೇ ಉಳಿಯಿತು. ಅವನು ಕಿರುಚಿದ್ದೂ ಯಾರಿಗೂ ಕೇಳಿಸಲಿಲ್ಲ. ಬಾಯಿ ತೆರೆದದ್ದು ಮಾತ್ರ ಕಂಡಿತು. ನನಗೆ ಈಗಲೂ ನೆನಪಿರುವುದು ಆ ಬಾಯಿ.

"ಹೊರೆ ಹೆಗಲ ಮ್ಯಾಲಿರೋವಾಗ ಆಟ ಆಡ್ತೀಯೇನ್ಲಾ?" ಎಂದು ಬಂಡೆಯವರಲ್ಲಿ ಹಿರಿಯ ನನ್ನ ಮುಂದೆ ಬಂದು ನಿಂತ. "ಬೆರಳು ಓಗಿದ್ರೆ ಎಲ್ಲಿಂದ ತಂದ್ಕೊಡ್ತಿದ್ದೆ? ಅದ್ನೂ ಮಿಮಿಕ್ರಿ ಮಾಡ್ತಿದ್ಯಾ?"



ಮಾವ ಬೆವರು ಒರೆಸಿಕೊಂಡು, "ಸಾಕು ಬುಡಿ ಚಾಚಾ, ಕಾರ್ನ ಮೈಸೂರು ಗ್ಯಾರೇಜಿಗೆ ಕಳುಸ್ಬುಡ್ತೀನಿ" ಎಂದರು. ಒಳ್ಳೆಯದಕ್ಕೇ ಹೇಳಿದ್ದು. ಆದರೆ ಚಾಚಾ ತನ್ನ ಪಾನಾ ಪೆಟ್ಟಿಗೆಯ ಕಡೆ ನೋಡಿದ್ದು ನನಗೆ ಕಂಡಿತು. ಅದು ಮಗನ ಕೈಗೆ ಹೋಗುವುದು ನನ್ನ ಒಂದು ತಮಾಷೆಯಿಂದ.

ಅತ್ತೆ ಅರಿಶಿನ ಒತ್ತಿ ಬಟ್ಟೆ ಸುತ್ತಿದರು. ಚಾಚಾ ಎದ್ದು ನನ್ನ ಹತ್ತಿರ ಬಂದ. ಹೊಡೆಯುತ್ತಾನೆ ಎಂದು ಕೆನ್ನೆ ಸಿದ್ಧಮಾಡಿಕೊಂಡೆ.

"ಕೂಗೋನು ಬೇಕು," ಎಂದ ಪಿಸುದನಿಯಲ್ಲಿ. "ಚಪ್ಪಾಳೆಗೆ ಆಗಲ್ಲ, ಕೈ ಒಳಗಿರ್ತದೆ. ನೀನು ಕೂಗು. ನನ್ ಕಣ್ಣು ನೋಡ್ಕೊಂಡು. ನಾನು ತಲೆ ಆಡ್ಸೋತಂಕ ಉಸ್ರು ಬಿಡಬ್ಯಾಡ."

ಬುದ್ಧಿ ಬಂದವನಂತೆ ನನ್ನ ಸ್ವಂತ ದನಿಯಲ್ಲೇ "ಎತ್ತಿ" ಎಂದೆ. ಯಾರೂ ಅಲುಗಲಿಲ್ಲ.

"ಯಾರ್ಲಾ ಅದು, ಬೆಕ್ಕು?" ಎಂದ ಹಿರಿಯ. "ಚಾಚಾ ತರ ಕೂಗು. ಆ ದನಿಗೆ ಹೆಗ್ಲು ತಾನಾಗೆ ಏಳ್ತದೆ."

ನಾನು ಕೆಳಗೆ ಮಲಗಿದ್ದ ಚಾಚಾನ ಕಣ್ಣನ್ನೇ ನೋಡುತ್ತ ಕುಕ್ಕರಗಾಲಲ್ಲಿ ಕೂತೆ. ತಲೆ ಆಡಿತು. "ಹಾಂ ಭಾಯ್... ಎತ್ತೀ!" ತಲೆ ಆಡುವುದು ನಿಂತಿತು. "ಸಬೂರ್!" ಎಂದು ತಡೆದೆ. ಅವನು ಒಳ್ಳೆಯ ಕೈಯನ್ನು ಒಳಗೆ ತೂರಿಸಿ ತಡಕಾಡಿದ. ಮೈಯಿಂದ ಇಂಜಿನ್ನಿಗೆ ಹೋಗಿದ್ದ ಅರ್ಥಿಂಗ್ ಪಟ್ಟಿಯೊಂದು ಉಳಿದುಹೋಗಿತ್ತು. ಅದನ್ನು ಬಿಚ್ಚುವಷ್ಟು ಹೊತ್ತು ನಾಲ್ಕು ಹೆಗಲುಗಳು ನಡುಗಿದವು, ನಾನು ಉಸಿರಾಡಲಿಲ್ಲ. ಮೂಗಿನ ತುದಿಯಲ್ಲಿ ನೊಣ ಕೂತು ನನ್ನನ್ನೇ ಅಣಕಿಸುತ್ತಿತ್ತು. ಕೈ ಹೊರಗೆ ಬಂತು, ತಲೆ ಆಡಿತು. "ಎತ್ತೀ! ಇನ್ನೂ! ಶಾಬಾಶ್!" ಮೈ ಸೊಂಟದೆತ್ತರಕ್ಕೆ ಏರಿ, ಮಾವ ಎರಡೂ ಬದಿಗೆ ಪೇರಿಸಿದ ಸೈಜುಗಲ್ಲಿನ ಅಟ್ಟಣೆ ಮೇಲೆ ಕೂತಿತು. ಇಂಜಿನ್ನು ಗಾಲಿ ಹಲಗೆಯ ಮೇಲೆ ಕಿರ್ರೆನ್ನುತ್ತ ಹಿಂದಿನಿಂದ ಅಂಗಳಕ್ಕೆ ಬಂತು. ಅತ್ತೆ ಸುತ್ತ ತಿರುಗಿ ನೋಡಿ, "ಇತ್ತಲ್ರೀ!" ಎಂದರು.

ಟೀ ಕುಡಿಯುವಾಗ ಚಾಚಾ ನನ್ನ ಪಕ್ಕ ಕೂತ. ಕ್ಷಮಿಸು ಎನ್ನಲು ಯಾವ ದನಿ ತೆಗೆಯಲಿ ಎಂದು ನಾನು ಹುಡುಕುತ್ತಿದ್ದೆ. ಅವನು ಬಟ್ಟೆ ಸುತ್ತಿದ ಕೈಯಿಂದ ನನ್ನ ಮೊಣಕಾಲು ತಟ್ಟಿ, ಕಿವಿಯ ಹತ್ತಿರ ಬಗ್ಗಿದ.

"ಕೊನೇಲಿ ನಡುಗ್ತಿತ್ತು ನಿನ್ ಗಂಟ್ಲು. ನಾನ್ ಅಂಗೆ ಹೆದ್ರಿಕೊಂಡು ಯಾವತ್ತೂ ಕೂಗಿಲ್ಲ, ಬೇಟಾ. ಹೊಟ್ಟೆಯಿಂದ ತೆಗಿ. ಎಲ್ಲಿ, ಇನ್ನೊಂದ್ಸಲ ಕೂಗು."

ಕೂಗಿದೆ. ಚಾಚಾ ಕಣ್ಣು ಮುಚ್ಚಿಕೊಂಡು ಕೇಳಿದ.