ಸ್ವೆಟರಿನ ಹಾಜರಿ

ನನ್ನ ಸ್ವೆಟರು ಹನ್ನೊಂದು ವರ್ಷ ಸರ್ಕಾರಿ ಸೇವೆ ಮಾಡಿದೆ. ಒಂದು ದಿನವೂ ರಜೆ ಹಾಕಿಲ್ಲ. ಹಿಮಾಯತ್‌ನಗರದ ನಮ್ಮ ಕಚೇರಿಯಲ್ಲಿ, ನನ್ನ ಕುರ್ಚಿಯ ಬೆನ್ನಿಗೆ, ಹೈದರಾಬಾದಿನ ಮೇ ತಿಂಗಳಲ್ಲೂ ಅದು ತೂಗುತ್ತಿತ್ತು. ನಾನು ಎದುರಿನ ಇರಾನಿ ಹೋಟೆಲಿನಲ್ಲಿ ಕೂತು ಚಹಾದಲ್ಲಿ ಉಸ್ಮಾನಿಯಾ ಬಿಸ್ಕತ್ತು ಅದ್ದುತ್ತಿರುವಾಗ ಯಾರಾದರೂ ಕೇಳಿಕೊಂಡು ಬಂದರೆ ನಮ್ಮ ಅಟೆಂಡರ್ ಶಿವಪ್ಪ ಅದನ್ನೇ ತೋರಿಸುತ್ತಿದ್ದ: "ಇಲ್ಲೇ ಅದಾರ್ರಿ, ಸ್ವೆಟರ್ ಐತಿ ನೋಡ್ರಿ." ಜಹೀರಾಬಾದಿನ ಕಡೆಯವನು, ನಿಷ್ಠಾವಂತ. ಸೋಮವಾರಕ್ಕೊಮ್ಮೆ ಅದರ ಧೂಳನ್ನೂ ಝಾಡಿಸುತ್ತಿದ್ದ.

ಇಂಥ ನನ್ನನ್ನು, ಮನೆಯಿಂದ ಕೆಲಸ ಮಾಡುವವರ ಮೇಲೆ ನಿಗಾ ಇಡಲು ನೇಮಿಸಿದರು. ನಗಬೇಡಿ.

ನಮ್ಮದು ಜನರ ಅರ್ಜಿಗಳಿಗೆ ಉತ್ತರದ ಕರಡು ಬರೆಯುವ ವಿಭಾಗ. ನಾನು ಅದರ ಸೂಪರಿಂಟೆಂಡೆಂಟ್. ವಾರಕ್ಕೆರಡು ದಿನ ಮನೆಯಿಂದ ಕೆಲಸ ಮಾಡುವ ಅನುಮತಿ ಸಿಕ್ಕಿದ್ದು ರತ್ನಾಬಾಯಿಯವರೊಬ್ಬರಿಗೆ. ಮನೆ ದೂರದ ಶಂಶಾಬಾದಿನಲ್ಲಿ. ಗಂಡನಿಗೆ ಲಕ್ವ ಹೊಡೆದಿದೆ. ಆ ಎರಡು ದಿನ ವ್ಯಾಯಾಮ ಮಾಡಿಸುವವರು ಮನೆಗೆ ಬರುತ್ತಾರೆ. ಹೆಂಡತಿ ಪಕ್ಕದ ಕೋಣೆಯಲ್ಲಾದರೂ ಇಲ್ಲದಿದ್ದರೆ ಆ ಮನುಷ್ಯ ಕಾಲೆತ್ತುವುದಿಲ್ಲ. ಹಠವೆನ್ನಿ, ಹೆದರಿಕೆಯೆನ್ನಿ.

ನಿಗಾ ಎಂದರೆ ಪರದೆಯ ಮೇಲಿನ ಒಂದು ಚುಕ್ಕೆ. ಕಂಪ್ಯೂಟರ್ ಮುಟ್ಟುತ್ತಿದ್ದರೆ ಹಸಿರು, ಹತ್ತು ನಿಮಿಷ ಮುಟ್ಟದಿದ್ದರೆ ಹಳದಿ. ತಿಂಗಳ ಕೊನೆಗೆ ನೋಡುತ್ತೇನೆ, ರತ್ನಾಬಾಯಿಯವರ ಚುಕ್ಕೆ ಬೆಳಗಿನ ಹೊತ್ತೆಲ್ಲ ಹಳದಿ. ಅನುಮತಿ ರದ್ದು ಮಾಡಬಹುದೆಂದು ಶಿಫಾರಸು ಬರೆದುಬಿಟ್ಟೆ. ಎಷ್ಟು ಸಲೀಸಾಗಿ ಬರೆದೆನೆಂದರೆ ಈಗಲೂ ನಾಚಿಕೆಯಾಗುತ್ತದೆ. ಮೇಲಕ್ಕೆ ಕಳಿಸುವ ಮೊದಲು ಒಂದು ಮಾತು ತಿಳಿಸೋಣವೆಂದು ಅವರನ್ನು ಕರೆದೆ.

ಅವರು ಅಳಲಿಲ್ಲ. ಸುಲ್ತಾನ್ ಬಜಾರಿನ ಯಾವುದೋ ಅಂಗಡಿಯ ಬಟ್ಟೆ ಚೀಲದಿಂದ ಒಂದು ಕಟ್ಟು ಕಾಗದ ತೆಗೆದು ಮೇಜಿನ ಮೇಲಿಟ್ಟರು. ಅರ್ಜಿಗಳ ಪ್ರತಿಗಳು, ಅಂಚಿನ ತುಂಬ ಪೆನ್ಸಿಲ್ ಬರಹ. ಅರ್ಜಿಯನ್ನು ಕಾಗದದ ಮೇಲೆ ಎರಡು ಸಲ ಓದಿ, ಉತ್ತರವನ್ನು ಪೆನ್ಸಿಲ್ಲಿನಲ್ಲಿ ಬರೆದು, ಆಮೇಲಷ್ಟೇ ಟೈಪ್ ಮಾಡುವುದು ಅವರ ಪದ್ಧತಿಯಂತೆ. ಪೆನ್ಸಿಲ್ ಓಡುವುದು ಪಾಪ, ಕಂಪ್ಯೂಟರಿಗೆ ಹೇಗೆ ಗೊತ್ತಾಗಬೇಕು?

"ಅನುಮತಿ ರದ್ದಾದ್ರ ನಾ ನೌಕರಿ ಬಿಡಬೇಕಾಗ್ತದರಿ, ಸರ್. ಅದಕ್ಕ ಒಂದ ಮಾತ ಕೇಳ್ತೀನಿ. ನಿಮ್ಮ ಚುಕ್ಕಿ ಯಾರ ನೋಡ್ತಾರ್ರಿ?"

ಯಾರೂ ನೋಡುತ್ತಿರಲಿಲ್ಲ. ಕಚೇರಿಗೆ ಬಂದವನ ಚುಕ್ಕೆ ನೋಡುವುದೇಕೆ, ಅವನು ಹಾಜರ್ ತಾನೆ! ಅವರು ಹೋದ ಮೇಲೆ ಸಿಟ್ಟಿನಿಂದಲೇ ನನ್ನ ಚುಕ್ಕೆಯ ಲೆಕ್ಕ ತೆಗೆದು ನೋಡಿದೆ. ಅರಿಶಿನ ಹಚ್ಚಿದ ಮದುಮಗನಷ್ಟು ಹಳದಿ.

ಆ ದಿನ ಹಾಜರಿ ಎಂಬ ಪದದ ಬೆನ್ನು ಹತ್ತಿದೆ. ಹಾಜರ್, ಹುಜೂರ್ ಎರಡೂ ಅರಬ್ಬಿಯ ಒಂದೇ ಮೂಲದ ಮಕ್ಕಳು. ಹುಜೂರರ ಎದುರಿಗೆ ಇರುವವನು ಹಾಜರ್. ಎದುರಿಗಿದ್ದು ಅವನು ಏನು ಮಾಡುತ್ತಿದ್ದ ಎಂಬುದರ ಬಗ್ಗೆ ಆ ಪದ ಚಕಾರವೆತ್ತುವುದಿಲ್ಲ. ಹುಜೂರರು ಹೋಗಿ ಎಷ್ಟೋ ಕಾಲವಾಯಿತು. ಅವರ ಗಾದಿಯ ಮೇಲೆ ನಾವು ಒಂದು ಚುಕ್ಕೆಯನ್ನು ಕೂರಿಸಿ ಸಲಾಮು ಹೊಡೆಯುತ್ತಿದ್ದೆವು.

ಶಿಫಾರಸನ್ನು ಹರಿದು ಹೊಸದು ಬರೆದೆ. ಮನೆಯಲ್ಲಿದ್ದರೂ ಕಚೇರಿಯಲ್ಲಿದ್ದರೂ ಅಳತೆ ಒಂದೇ ಇರಲಿ: ಎಷ್ಟು ಅರ್ಜಿಗೆ ಉತ್ತರ ಹೋಯಿತು, ಎಷ್ಟು ಕರಡು ತಪ್ಪಾಗಿ ವಾಪಸ್ ಬಂತು. ಯಾರ ಮೇಲೆ ವರದಿ ಬರೆದರೂ ಅದು ಮೇಲಕ್ಕೆ ಹೋಗುವ ಮೊದಲು ಅವರ ಕೈಗೆ ಬರಲಿ, ಅವರ ಉತ್ತರವೂ ಜೊತೆಗೆ ಹೋಗಲಿ. ಇಷ್ಟು ಬರೆದು ಇಡೀ ವಿಭಾಗದ ಪಟ್ಟಿ ಲಗತ್ತಿಸಿದೆ. ರತ್ನಾಬಾಯಿಯವರ ಒಂದು ಕರಡೂ ವಾಪಸ್ ಬಂದಿರಲಿಲ್ಲ. ನನ್ನ ಹೆಸರು ಪಟ್ಟಿಯಲ್ಲಿ ಎಲ್ಲಿತ್ತೆಂದು ಮಾತ್ರ ಕೇಳಬೇಡಿ.

ನಮ್ಮ ಮೇಲಧಿಕಾರಿ ತೆಲುಗಿನ ಮೇಡಂ, ಮಾತು ಕಮ್ಮಿ. ಪಟ್ಟಿಯಲ್ಲಿ ನನ್ನ ಹೆಸರಿನ ಮೇಲೆ ಬೆರಳಿಟ್ಟು, ನಾನು ಬಂದು ಕೇಳಿದಾಗೆಲ್ಲ ನೀವು ಸೀಟಿನಲ್ಲೇ ಇದ್ದೀರಿ ಎನ್ನುತ್ತಾನಲ್ಲ ಶಿವಪ್ಪ ಎಂದರು. ಇನ್ನೇನು ಮಾಡಲಿ, ಸ್ವೆಟರಿನ ವಿಷಯ ಒಪ್ಪಿಕೊಂಡೆ. ಅವರು ನಕ್ಕು ನಕ್ಕು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಆಮೇಲೆ ಸಹಿ ಹಾಕಿದರು. ಚುಕ್ಕೆ ಹೋಯಿತು, ಅನುಮತಿ ಉಳಿಯಿತು. ಗೆದ್ದವರು ರತ್ನಾಬಾಯಿ, ಆದರೂ ಮೆಟ್ಟಿಲಿಳಿಯುವಾಗ ಎದೆ ಉಬ್ಬಿದ್ದು ನನ್ನದು. ಇಷ್ಟು ವರ್ಷದ ನೌಕರಿಯಲ್ಲಿ ಸೋತು ಇಷ್ಟು ಖುಷಿಪಟ್ಟದ್ದು ಅದೇ ಮೊದಲು. ರತ್ನಾಬಾಯಿ ವಿಭಾಗಕ್ಕೆಲ್ಲ ಚಹಾ ತರಿಸಿದರು. ಗಂಡ ಗೋಡೆ ಹಿಡಿದು ಬಾಗಿಲವರೆಗೆ ನಡೆದ ಸುದ್ದಿಯನ್ನೂ ಅವತ್ತೇ ಹೇಳಿದರು.

ಸಂಜೆ ಸ್ವೆಟರನ್ನು ಮನೆಗೆ ಒಯ್ದೆ. ಮರುದಿನ ಬೇಗ ಬಂದು, ಕಡತಗಳ ರಾಶಿಯ ಹಿಂದೆ ತಲೆ ತಗ್ಗಿಸಿ, ಕೈಯಲ್ಲಿ ಪೆನ್ಸಿಲ್ ಹಿಡಿದು ಅರ್ಜಿ ಓದುತ್ತಿದ್ದೆ. ಶಿವಪ್ಪ ಬಾಗಿಲಲ್ಲೇ ನಿಂತು, ಬರಿದಾದ ಕುರ್ಚಿಯ ಬೆನ್ನು ನೋಡಿ, ಸಾಹೇಬರಿಗೆ ಇವತ್ತು ರಜೆಯೇನು ಎಂದು ಗಾಬರಿಯಿಂದ ಕೇಳಿದ.

"ಇಲ್ಲ ಶಿವಪ್ಪ," ಎಂದರು ರತ್ನಾಬಾಯಿ, ಕಾಗದದಿಂದ ತಲೆಯೆತ್ತದೆ. "ಇವತ್ತ ಖುದ್ದ ಬಂದಾರ."