ಎರಡೂ ಎಡತೋಳು

ಕೊಲ್ಲಿ ನಾಡಿನ ಸತ್ವಾ ಬಡಾವಣೆಯ ಆ ಟೈಲರ್ ಅಂಗಡಿಯಲ್ಲಿ ಇಸ್ತ್ರಿ ಮೇಜಿಗೂ ಬಾಗಿಲಿಗೂ ನಡುವೆ ನಾನು ನಿಂತಿದ್ದೆ. ಶುಕ್ರವಾರ, ಇಳಿಹೊತ್ತಿನ ಅಸರ್ ನಮಾಜಿನ ಬಾಂಗ್ ಆಗಿ ಹತ್ತು ನಿಮಿಷ ಕಳೆದಿರಬಹುದು. ಹನ್ನೊಂದು ವರ್ಷವಾಯಿತು. ಇವತ್ತು ಬೆಳಿಗ್ಗೆ ಪೆಟ್ಟಿಗೆಯ ತಳದಲ್ಲಿ ಅಂಗಿಯ ಒಂದು ನೀಲಿ ತೋಳು ಸಿಕ್ಕಿತು, ಅದಕ್ಕೇ ಬರೆಯುತ್ತಿದ್ದೇನೆ. ನೆನಪಿಲ್ಲದ್ದನ್ನು ಸೇರಿಸುವುದಿಲ್ಲ.

ಅಂಗಡಿ ಇದಿನಬ್ಬರದು, ನಮಗೆಲ್ಲ ಇದಿನಬ್ಬಾಕ. ನನ್ನ ಹೊಟ್ಟೆ ನೋಡಿ, “ಎರಡಿಂಚು ಮುಂದೆ ಬಂದಿದ್ದೀರಿ, ಪ್ರಮೋಷನ್ನಾ?” ಎನ್ನುತ್ತಿದ್ದರು. ಟೇಪು ಹಿಡಿದರೆ ಸರಿಯಾಗಿ ಎರಡಿಂಚು. ಪ್ರಮೋಷನ್ ಮಾತ್ರ ಬರಲಿಲ್ಲ. ಅವರ ಕತ್ತರಿ ತಪ್ಪಿದ್ದನ್ನು ಕಂಡವರಿರಲಿಲ್ಲ.

ಪಕ್ಕದ ವಿಲ್ಲಾದ ಒಂದು ಕೋಣೆಯಲ್ಲಿ ನರ್ಸ್ ಲವೀನಾಬಾಯಿ ಮತ್ತು ಎಂಟು ವರ್ಷದ ಮಗಳು ಜೆನಿಟಾ ಇದ್ದರು. ತಾಯಿಗೆ ಶುಕ್ರವಾರ ಡ್ಯೂಟಿಯಿದ್ದರೆ ಹುಡುಗಿ ಬಂದು ಅಂಗಡಿಯ ಬಟ್ಟೆ ಗಂಟಿನ ಮೇಲೆ ಕೂರುವಳು. ಅವಳಿಗೆ ಇದಿನಬ್ಬಾಕ ತಿಂಗಳುಗಟ್ಟಲೆ ಹೇಳಿದ್ದು ಒಂದೇ ಕತೆ. ಕಂದೀಲಿನ ಕಾಲದ ಹಳ್ಳಿ, ಅಲ್ಲೊಬ್ಬರು ಲೇಖಕರು. ನಿಜವಾಗಿ ಇದ್ದವರೇ, ಚಿಕ್ಕಂದಿನಲ್ಲಿ ಇದಿನಬ್ಬಾಕ ಅವರ ಮನೆಗೆ ಹೊಲಿದ ಜುಬ್ಬಾ ತಲುಪಿಸುತ್ತಿದ್ದರಂತೆ. ಮನೆಯವರನ್ನು ಕೇಳದೆ ಹೆಸರು ಬರೆಯುವುದು ಸರಿಯಲ್ಲ. ಕತೆಯಲ್ಲಿ ಅವರ ಹೊಸ ಪುಸ್ತಕದ ಕೊನೆಯ ಹಾಳೆ ಮೇಜಿನಿಂದ ಮಾಯವಾಗಿದೆ. ಕಂಡವರು ಒಂದು ಬೆಕ್ಕು, ಒಂದು ಕಾಗೆ, ಒಂದು ಆಡು. ಮೂವರಿಗೂ ಮಾತು ಬರುತ್ತದೆ.

“ಹೂ ಟುಕ್ ಇಟ್, ಅಂಕಲ್?”

“ನನ್ನತ್ರ ಕೇಳಿ ಎಂತ ಮಾಡ್ಲಿಕ್ಕುಂಟು? ಬೆಕ್ಕನ್ನು ಕೇಳು. ಅದಕ್ಕೆ ಇಂಗ್ಲಿಷ್ ಬರುದಿಲ್ಲ ಮಾರಾಯ್ತಿ!”

ಹೀಗೆ ಅವಳು ತಡವರಿಸುತ್ತ ಕನ್ನಡದಲ್ಲಿ ವಿಚಾರಣೆ ಶುರು ಮಾಡಿದಳು. ಉತ್ತರ ಇದಿನಬ್ಬಾಕನ ಬಾಯಿಂದ: ಬೆಕ್ಕಿಗೆ ಸಣ್ಣ ಸ್ವರ, ಕಾಗೆಗೆ ಕೆಮ್ಮು. ಅಂಗಿ ಕೇಳಲು ಹೋದ ನಾನು ಎಷ್ಟೋ ಸಲ ಅಂಗಿ ಮರೆತು ಮನೆಗೆ ಬಂದಿದ್ದೇನೆ.

ಅಷ್ಟರಲ್ಲಿ ಅವಳನ್ನು ಉಡುಪಿ ಕಡೆಯ ಅಜ್ಜಿಮನೆಗೆ ಕಳಿಸಿ ಅಲ್ಲಿನ ಶಾಲೆಗೆ ಸೇರಿಸುವುದೆಂದಾಯಿತು. “ನಾನು ಮಾತಾಡಿದ್ರೆ ಶಾಲೆಯಲ್ಲಿ ಎಲ್ಲರೂ ನಗ್ತಾರೆ.” ಇದನ್ನು ಅವಳು ನಮಗೆ ಹೇಳಲಿಲ್ಲ, ಆಡಿಗೆ ಹೇಳಿದಳು.

“ನಾನು ಮ್ಯಾ ಅಂದ್ರೂ ನಗ್ತಾರೆ,” ಎಂದಿತು ಆಡು. “ಹಾಗಂತ ಸೊಪ್ಪು ಕೇಳದೆ ಇರ್ಲಿಕ್ಕಾಗ್ತದಾ?”

ನಾನು ಹೇಳುತ್ತಿರುವ ಶುಕ್ರವಾರದ ಮರುದಿನವೇ ಅವಳ ವಿಮಾನ. ಇದಿನಬ್ಬಾಕ ನನ್ನ ನೀಲಿ ಅಂಗಿಯನ್ನು ಕತ್ತರಿಸುತ್ತಿದ್ದರು. ಕರೆದುಕೊಂಡು ಹೋಗಲು ಬಂದ ಲವೀನಾಬಾಯಿ ಬಾಗಿಲಲ್ಲೇ ನಿಂತಿದ್ದರು. ಹುಡುಗಿ ಗಂಟಿನಿಂದ ಇಳಿದಳು.

“ಬೆಕ್ಕೇ, ಸುಳ್ಳು ಹೇಳ್ಬೇಡ. ಆಡು ತಿಂದದ್ದಲ್ಲ. ಕಾಗೆ ತಕೊಂಡು ಹೋದದ್ದೂ ಅಲ್ಲ.”

“ಮತ್ತೆ ಯಾರು?” ಬೆಕ್ಕಿನ ಸ್ವರ. ಕತ್ತರಿ ನಡೆದೇ ಇತ್ತು.

“ಬರೆದವರೇ. ಅವರೇ ಅಡಗಿಸಿಟ್ಟದ್ದು. ಪುಸ್ತಕ ಮುಗಿದ್ರೆ ನೀವೆಲ್ಲ ಮನೆಗೆ ಹೋಗ್ತೀರಿ ಅಲ್ವಾ, ಅದಕ್ಕೆ.”

ಕತ್ತರಿ ನಿಂತಿತು. ತಮ್ಮದೇ ಸ್ವರದಲ್ಲಿ ಇದಿನಬ್ಬಾಕ, “ಹೌದು ಮಗಾ,” ಎಂದರು. ಆಮೇಲೆ ಮೇಜಿನ ಕಡೆ ನೋಡಿದರು. ಎರಡನೆಯ ತೋಳಿನ ಬಟ್ಟೆಯನ್ನು ತಿರುಗಿಸಿ ಇಡಲು ಮರೆತಿದ್ದರು. ಎರಡೂ ಎಡಗೈಯವು.

ನನ್ನ ಬಾಯಿಂದ ಬಂದದ್ದು, “ಖಲಾಸ್, ನನ್ನ ಅಂಗಿ!” ಇಂದಿಗೂ ಅದಕ್ಕೆ ನಾಚುತ್ತೇನೆ.

ಮರುವಾರ ಬೇರೆ ಬಟ್ಟೆ ತಂದು ಬಲತೋಳು ಮಾಡಿಕೊಟ್ಟರು. ಮಿಕ್ಕ ತೋಳನ್ನು, ಅವರು ಮಾಡಿದ ಒಂದೇ ಒಂದು ತಪ್ಪೆಂದು, ನಾನು ಇಟ್ಟುಕೊಂಡಿದ್ದೆ. ಇವತ್ತು ಅದನ್ನು ಹಾಸಿಗೆಯ ಮೇಲೆ ಹರಡಿ ಟೇಪು ಹಿಡಿದೆ. ಉದ್ದ, ಭುಜದ ಸುತ್ತು, ಮಣಿಕಟ್ಟು, ಯಾವುದೂ ನನ್ನ ಅಂದಿನ ಅಳತೆಗಿಂತ ಒಂದು ನೂಲಿನಷ್ಟೂ ಹೆಚ್ಚುಕಡಿಮೆಯಿಲ್ಲ. ಇನ್ನು ಇದನ್ನು ತಪ್ಪೆಂದು ಕರೆಯಲಾರೆ.

ಇದಿನಬ್ಬಾಕ ಈಗಿಲ್ಲ. ಅಂದು ನಡೆದದ್ದನ್ನು ಕಂಡವರಲ್ಲಿ ನನ್ನನ್ನು ಬಿಟ್ಟರೆ ಇಬ್ಬರಿದ್ದಾರೆ. ಲವೀನಾಬಾಯಿ ಅಬುಧಾಬಿಯ ಹಮ್ದಾನ್ ಸ್ಟ್ರೀಟಿನ ಕ್ಲಿನಿಕ್ಕೊಂದರಲ್ಲಿ. ಜೆನಿಟಾ ಉಡುಪಿ ಕಡೆ, ಕಾಲೇಜಿನಲ್ಲಿ. ನಾನು ಹೇಳಿದ್ದರಲ್ಲಿ ಅನುಮಾನವಿದ್ದರೆ ಅವಳನ್ನು ಕೇಳಿ. ಕನ್ನಡದಲ್ಲೇ ಹೇಳುತ್ತಾಳೆ.